ನಲವತ್ತು ದಿನದ ಕೆಂಪು

ಹಳೆ ಐಸ್ ಪ್ಲಾಂಟಿನ ನೆಲದ ಮೇಲೆ ನಕ್ಷೆ ಹಾಸಿದ್ದರು.
ಕಡಲಗಾಳಿಗೆ ಮೇಲೇಳದಂತೆ ನಾಲ್ಕು ಮೂಲೆಗೆ
ಬಲೆಯಿಂದ ಬಿಚ್ಚಿದ ನಾಲ್ಕು ಸೀಸದ ಗುಂಡು.
ನನಗೆ ಕೊಟ್ಟ ಕೆಲಸ ಇಷ್ಟೆ:
ಬಿಂದುಲೇಖಾ ಮೇಡಂ ಮಲಯಾಳದಲ್ಲಿ ಅಂದದ್ದನ್ನು
ಕನ್ನಡಕ್ಕೆ, ಕನ್ನಡದಿಂದ ತುಳುವಿಗೆ ಇಳಿಸುವುದು,
ಅಲ್ಲಿಂದ ಬರುವ ಸಿಟ್ಟನ್ನು ಸ್ವಲ್ಪ ಸೋಸಿ
ಹಿಂದಕ್ಕೆ ಹತ್ತಿಸುವುದು.
ದಿನಕ್ಕೆ ಆರುನೂರು, ಚಹಾ ಬೇರೆ.

ನೀಲಿ ಎಂದರೆ ಹೋಗಬಹುದು.
ಹಳದಿ ಎಂದರೆ ಕೇಳಿ ಹೋಗಬಹುದು.
ಶಿರಿಯ ಹೊಳೆ ಕಡಲಿಗೆ ಬಾಯಿ ತೆರೆವಲ್ಲಿ
ಅಂಗೈಯಗಲ ಕೆಂಪು.
'ಇಡೀ ವರ್ಷ' ಅಂದರು ಮೇಡಂ.
ಇಡೀ ವರ್ಷ ಅಂದೆ ನಾನು.
ತುಳುವಿನಲ್ಲಿ ಅದು ಇನ್ನೂ ಉದ್ದಕ್ಕೆ ಕೇಳಿಸಿತು.

ಅಂದುಂಞಿಕ್ಕ ಮಂಡಿಯೂರಿ ಕೂತು ಕನ್ನಡಕ ಹುಡುಕಿದರು.
'ಇದರಲ್ಲಿ ನಮ್ಮ ಕಲ್ಲೆಲ್ಲಿ?
ಮಸೀದಿಯ ಮಿನಾರ ಗುಡ್ಡದ ಒಂಟಿ ತಾಳೆಯ ಮೇಲೆ ಕೂತಾಗ,
ತೆಂಕು ಬದಿಗೆ ದೈವಸ್ಥಾನದ ಮಾಡು
ಆಲದ ಸಂದಿಯಿಂದ ಇಣುಕಿದಾಗ
ದೋಣಿಯಡಿ ಕಲ್ಲು, ಕಲ್ಲಿನಡಿ ಮೀನು.'
ಅವರದೂ ಮಲಯಾಳವೇ;
ಮೇಡಂಗೆ ಅದಕ್ಕೂ ನಾನೇ ಬೇಕಾಯಿತು.
ತಾಳೆ ಹೆದ್ದಾರಿಗೆ ಹೋಗಿ ಎರಡು ವರ್ಷವಾಯಿತಲ್ಲ,
ಯಾರೋ ನೆನಪಿಸಿದರು.
ಇಲ್ಲದ ಮರಕ್ಕೆ ಗುರಿಯಿಟ್ಟು ಅವರು
ಇನ್ನೂ ಅದೇ ಕಲ್ಲಿಗೆ ಹೋಗುತ್ತಾರೆ.
ಇದನ್ನು ಮೇಡಂ ಬರೆದುಕೊಳ್ಳಲಿಲ್ಲ,
ಪೆನ್ನು ಕೆಳಗಿಟ್ಟು ಗುಡ್ಡದ ಕಡೆ ನೋಡಿದರು.

ಹಿಂದಿನ ಸಾಲಿನಿಂದ ಸುಂದರಿ ತಿಂಗಳಾಯ ಎದ್ದಳು,
ಮೊಣಕಾಲಿನವರೆಗೆ ಒಣಗಿದ ಕೆಸರು.
'ದೋಣಿ ಬರೆದಿದ್ದೀರಿ, ಬೋಟು ಬರೆದಿದ್ದೀರಿ.
ನಮ್ಮ ಕಾಲು ಎಲ್ಲಿ?'
ಕೆಂಪಿನ ಒಳಗೇ ಇತ್ತು ಮರುವಾಯಿಯ ದಿಬ್ಬ.
ಇಳಿತದ ಹೊತ್ತಿಗೆ ಹನ್ನೊಂದು ಹೆಂಗಸರು
ಸೊಂಟದ ನೀರಲ್ಲಿ ಹಿಮ್ಮಡಿಯಿಂದ ಮಣ್ಣು ಕೆದಕಿ
ಕಾಣದಲ್ಲಿ ಕೈಬಿಟ್ಟು ಹೆಕ್ಕುವುದು
ಯಾವ ಲೆಕ್ಕದಲ್ಲೂ ಮೀನುಗಾರಿಕೆಯಲ್ಲ.

'ಹಾಗಾದರೆ ಕೆಂಪು ಬೇಡವೆ?'
ಸುಂದರಿ ಕೂಡಲೇ ಹೇಳಲಿಲ್ಲ.
ಮೂವತ್ತು ವರ್ಷ ಕತ್ತಿಯ ಮೇಲೆ ಮೀನು ಸೀಳಿದವಳು;
ಯಾವ ಮಳೆಗೆ ಬೂತಾಯಿಯ ಹೊಟ್ಟೆ ಮೊಟ್ಟೆ ಕಟ್ಟುತ್ತದೆ,
ಯಾವ ವರ್ಷ ಬರಿದಾಗಿತ್ತು, ಬೆರಳಿಗೆ ಗೊತ್ತು.
ಈಚೆಗೆ ಬೆರಳಿಗೆ ಹತ್ತಿದ್ದು ಕಡಿಮೆ.

'ಬಾಣಂತಿ ಕೋಣೆ ಅನ್ನು' ಅಂದಳು ನನಗೆ.
'ಸಿಗಡಿಯ ಮರಿ ಒಳಬರುವ ದಾರಿ ಅದು.
ನಲವತ್ತು ದಿನ ಯಾರೂ ಹೊಸ್ತಿಲು ದಾಟುವುದು ಬೇಡ,
ದೋಣಿಯೂ ಬೇಡ, ನಾವೂ ಬೇಡ.
ಆಮೇಲೆ ಬಾಗಿಲು ತೆರೆಯಲಿ, ಮನೆ ನಡೆಯಬೇಕಲ್ಲ.'
'ನಮ್ಮಲ್ಲೂ ನಲವತ್ತೇ'
ಅಂದರು ಅಂದುಂಞಿಕ್ಕ, ಕನ್ನಡಕ ಒರೆಸುತ್ತ.
ಮೇಡಂ ಮೊದಲ ಸಲ ನಕ್ಕರು, ನನ್ನನ್ನು ಕಾಯದೆ.
ನಕ್ಕು, ನಲವತ್ತು ಸಾಲದು, ತೊಂಬತ್ತಾದರೂ ಬೇಕು ಎಂದರು.
ಚೌಕಾಸಿ ಶುರುವಾಯಿತು,
ಒಂದು ಬುಟ್ಟಿ ದಿನಗಳನ್ನು ನಡುವೆ ಇಟ್ಟುಕೊಂಡು.

ಬೋಟಿನ ರಿತೇಶ ಬಾಗಿಲಲ್ಲೇ ನಿಂತಿದ್ದ.
ಬ್ಯಾಂಕಿನ ಕಂತಿಗೆ ಬಾಣಂತನ ಉಂಟೋ, ಕೇಳಿ ಎಂದ.
ಅದನ್ನು ಮಾತ್ರ ಸೋಸದೆ ದಾಟಿಸಿದೆ.
ಯಾರ ಭಾಷೆಯಲ್ಲೂ ಉತ್ತರ ಇರಲಿಲ್ಲ.

ಸಂಜೆಗೆ ಅರವತ್ತಕ್ಕೆ ನಿಂತಿತು, ಪೆನ್ಸಿಲಿನಲ್ಲಿ.
ದಿಬ್ಬದ ಪಡು ಬದಿ ಉಳಿದ ದಿನಗಳಲ್ಲಿ ಹೆಂಗಸರಿಗೆ,
ಮೂಡು ಬದಿ ವರ್ಷವಿಡೀ ಮರಿಗಳಿಗೆ.
ಸುಂದರಿ ಬಿಟ್ಟುಕೊಟ್ಟದ್ದು ಒಳ್ಳೆಯ ಅರ್ಧವನ್ನೇ ಎಂದು
ಆಮೇಲೆ, ಹೊರಗೆ, ಉಳಿದ ಹತ್ತು ಮಂದಿ
ಅವಳ ಮೇಲೆ ಹರಿಹಾಯುವಾಗ ತಿಳಿಯಿತು.
ಅವಳು ಖಾಲಿ ಬುಟ್ಟಿ ಕವುಚಿ ಅದರ ಮೇಲೆ ಕೂತಿದ್ದಳು.

ನಾನು ಅಳಿವೆಯ ದಂಡೆ ಹಿಡಿದು ಮನೆಗೆ ನಡೆದೆ.
ಕಳೆದ ಮಳೆಗಾಲ ಹೊಳೆಯ ಬಾಯಿಯೇ
ತೆಂಕಕ್ಕೆ ಇನ್ನೂರು ಮಾರು ಸರಿದಿತ್ತು.
ಈ ಸಲ ಎಲ್ಲಿಗೋ.
ಮರಳ ಮೇಲೆ ಬೀಸುಬಲೆ ಒಣಹಾಕಿತ್ತು.
ಬಲೆಯ ಕಣ್ಣಿಗೆ ಬೆರಳು ತೂರಿಸಿ ನೋಡಿದೆ.
ಕಿರುಬೆರಳೂ ಹೋಗಲಿಲ್ಲ.
ಬಲೆ ನನ್ನ ತಮ್ಮನದು.